ರೈಫಲ್ ಸೈಟ್: ಎಷ್ಟು ಸರಿಯಬೇಕು, ಎಲ್ಲಿ ನಿಲ್ಲಬೇಕು

1857ರ ದಂಗೆ ಅಡಗಿದ ಮೇಲೆ ಬ್ರಿಟಿಷರು ಭಾರತೀಯ ಸಿಪಾಯಿಗಳ ಕೈಗೆ ಮತ್ತೆ ಬಂದೂಕು ಕೊಡಲೇಬೇಕಾಯಿತು. ಕೊಟ್ಟರು, ಆದರೆ ಅದರ ಎರಡು ಗುಣಗಳನ್ನು ಕಿತ್ತುಕೊಂಡು ಕೊಟ್ಟರು. 1853ರ ಮಾದರಿಯ ಎನ್‌ಫೀಲ್ಡ್ ರೈಫಲ್ಲಿನ ನಳಿಗೆಯೊಳಗೆ ಗುಂಡನ್ನು ತಿರುಗಿಸಿ ನೇರಕ್ಕೆ ಕಳಿಸುವ ಸುರುಳಿ ಗೀರುಗಳಿದ್ದವು. ಸಿಪಾಯಿಗಳಿಗೆಂದು ಮಾಡಿದ 1858ರ ಮಾದರಿಯಲ್ಲಿ ಅವನ್ನು ಕೊರೆದು ನುಣ್ಣಗೆ ಮಾಡಲಾಯಿತು. ನಳಿಗೆಯ ಮೇಲೆ ದೂರಕ್ಕೆ ತಕ್ಕಂತೆ ಏರಿಸಿ ಇಳಿಸುವ ಹಿಂದಿನ ಸೈಟ್, ಅಂದರೆ ಗುರಿ ನೋಡುವ ಭಾಗ, ಇತ್ತು. ಅದರ ಜಾಗದಲ್ಲಿ ಅಲುಗದ ಒಂದು ಕಬ್ಬಿಣದ ತುಂಡು ಬಂತು. ಬ್ರಿಟಿಷ್ ಸೈನಿಕ ನೂರಾರು ಗಜ ದೂರಕ್ಕೆ ಗುರಿಯಿಡಬಲ್ಲವನಾಗಿದ್ದರೆ, ಅವನ ಪಕ್ಕದಲ್ಲೇ ನಿಂತ ಸಿಪಾಯಿಯ ಬಂದೂಕು 50 ಗಜ ದಾಟಿದ ಮೇಲೆ ನಂಬುವಂಥದ್ದಾಗಿ ಉಳಿಯಲಿಲ್ಲ. ಸರಿಯುವ ಸೈಟಿನ ಬೆಲೆ ಎಷ್ಟೆಂಬುದು ಆಳುವವರಿಗೆ ಚೆನ್ನಾಗಿ ಗೊತ್ತಿತ್ತು.

ಆ ಬೆಲೆ ಬಂದದ್ದು ಗುಂಡಿನ ವೇಗದಿಂದ, ಸರಿಯಾಗಿ ಹೇಳಬೇಕೆಂದರೆ ವೇಗದ ಕೊರತೆಯಿಂದ. ನಳಿಗೆ ಬಿಟ್ಟ ಕ್ಷಣದಿಂದಲೇ ಗುಂಡು ಕೆಳಗೆ ಬೀಳತೊಡಗುತ್ತದೆ. ದೂರದ ಮಾವಿನಕಾಯಿಗೆ ಕಲ್ಲೆಸೆಯುವ ಹುಡುಗ ಕಾಯಿಗಿಂತ ಮೇಲಕ್ಕೆ ಗುರಿಯಿಡುವ ಹಾಗೆ, ಗುರಿ ದೂರವಾದಷ್ಟೂ ನಳಿಗೆಯ ಮೂತಿಯನ್ನು ಎತ್ತಬೇಕು. 1853ರ ಎನ್‌ಫೀಲ್ಡಿನ ಗುಂಡು ಸೆಕೆಂಡಿಗೆ ಸುಮಾರು 270 ಮೀಟರ್ ವೇಗದಲ್ಲಿ ಹೊರಡುತ್ತಿತ್ತು. 300 ಮೀಟರ್ ತಲುಪುವಷ್ಟರಲ್ಲಿ ಅದು ನಳಿಗೆಯ ನೇರದಿಂದ ಆರೇಳು ಮೀಟರ್ ಕೆಳಗೆ ಇಳಿದಿರುತ್ತಿತ್ತು. ಇಷ್ಟು ಇಳಿತವನ್ನು ಅಂದಾಜಿನಲ್ಲಿ ಸರಿದೂಗಿಸುವುದು ಯಾರಿಗೂ ಆಗದ ಕೆಲಸ. ಅದಕ್ಕೇ ಹಿಂದಿನ ಸೈಟಿಗೆ 400 ಗಜದವರೆಗೆ ಮೆಟ್ಟಿಲುಗಳು, ಅದರಾಚೆಗೆ ನೆಟ್ಟಗೆ ಎತ್ತಿ ನಿಲ್ಲಿಸುವ ಏಣಿ. ಹಿಂದಿನ ಸೈಟನ್ನು ಏರಿಸಿ, ಕಣ್ಣು, ಹಿಂದಿನ ಸೈಟ್, ಮುಂದಿನ ಸೈಟ್, ಗುರಿ ಎಲ್ಲವೂ ಒಂದೇ ಗೆರೆಗೆ ಬರುವಂತೆ ಹಿಡಿದರೆ ನಳಿಗೆ ತಾನಾಗಿ ಮೂತಿ ಎತ್ತುತ್ತದೆ. ಹಿಂದಿನ ಸೈಟ್ ಯಾವ ಕಡೆ ಸರಿದರೆ ಗುಂಡೂ ಆ ಕಡೆಗೇ ಸರಿಯುತ್ತದೆ. ಮುಂದಿನ ಸೈಟನ್ನು ಸರಿಸಿದರೆ ಗುಂಡು ಅದಕ್ಕೆ ಎದುರು ದಿಕ್ಕಿಗೆ ಹೋಗುತ್ತದೆ. ಸೈಟ್ ಕುರಿತ ಎಲ್ಲ ಲೆಕ್ಕವೂ ಈ ಒಂದು ನಿಯಮದ ಮೇಲೆ ನಿಂತಿದೆ.

ಇಪ್ಪತ್ತನೆಯ ಶತಮಾನದ ಹೊತ್ತಿಗೆ ಗುಂಡು ಬದಲಾಗಿತ್ತು. ನಮ್ಮ ಪೊಲೀಸರ ಹೆಗಲ ಮೇಲೆ ದಶಕಗಳ ಕಾಲ ಕಂಡ ತ್ರೀ ನಾಟ್ ತ್ರೀ ರೈಫಲ್ಲಿನ ಏಳನೇ ಮಾರ್ಕಿನ ಗುಂಡು ಸೆಕೆಂಡಿಗೆ ಸುಮಾರು 740 ಮೀಟರ್ ವೇಗದ್ದು. ಅದೇ 300 ಮೀಟರಿನಲ್ಲಿ ಅದರ ಇಳಿತ ಬರೀ ಒಂದು ಮೀಟರಿನ ಆಸುಪಾಸು. ಸೈಟನ್ನು ಏರಿಸಿ ಇಳಿಸುವ ಅಗತ್ಯ ಇದರಿಂದ ಕಡಿಮೆಯಾಗಬೇಕಿತ್ತು. ಆದದ್ದು ಮಾತ್ರ ಉಲ್ಟಾ. ಅದೇ ತ್ರೀ ನಾಟ್ ತ್ರೀ ಬಳಗದ, 1907ರಲ್ಲಿ ಬಂದ ಮೂರನೇ ಮಾರ್ಕಿನ ಲೀ-ಎನ್‌ಫೀಲ್ಡಿನ ಹಿಂದಿನ ಸೈಟಿನಲ್ಲಿ 200ರಿಂದ 2000 ಗಜದವರೆಗೆ ಗೀರುಗಳಿದ್ದವು, ಗಾಳಿಗೆ ತಕ್ಕಂತೆ ಎಡಬಲಕ್ಕೆ ಸರಿಸುವ ತಿರುಪು ಬೇರೆ. ಅದೂ ಸಾಲದೆಂದು ಎಡಬದಿಯಲ್ಲಿ 2800 ಗಜದವರೆಗಿನ ಇನ್ನೊಂದು ಜೋಡಿ ಸೈಟ್. ಹೆಚ್ಚುಕಡಿಮೆ ಎರಡೂವರೆ ಕಿಲೋಮೀಟರ್! ಅಷ್ಟು ದೂರದಲ್ಲಿ ಒಬ್ಬ ಮನುಷ್ಯ ಕಣ್ಣಿಗೇ ಬೀಳುವುದಿಲ್ಲ. ಇಡೀ ದಳ ಒಟ್ಟಿಗೆ ಗುಂಡು ಹಾರಿಸಿ ದೂರದ ಒಂದು ಬಯಲಿನ ಮೇಲೆ ಸೀಸದ ಮಳೆ ಸುರಿಸುವುದು ಆಗಿನ ಯೋಚನೆ. ಮೊದಲ ಮಹಾಯುದ್ಧದ ಕಂದಕಗಳಲ್ಲಿ ಮೆಷಿನ್ ಗನ್ನು, ಫಿರಂಗಿಗಳು ಆ ಕೆಲಸ ವಹಿಸಿಕೊಂಡವು. ರೈಫಲ್ ಬೇಗ ಬೇಗ ತಯಾರಾಗಬೇಕಿತ್ತು. ಯುದ್ಧದ ನಡುವೆಯೇ ಬಂದ ಸರಳ ಮಾದರಿಯಲ್ಲಿ ಆ ಪಕ್ಕದ ಸೈಟುಗಳೂ ಹೋದವು, ಗಾಳಿ ತಿರುಪೂ ಹೋಯಿತು. ಸೈನಿಕನ ಗುರಿ ಇದರಿಂದ ಕೆಟ್ಟಿತೆಂದು ಹೇಳಿದವರು ವಿರಳ.

ಅದೇ ಯುದ್ಧ ಇನ್ನೊಂದು ದೋಷವನ್ನೂ ಬಯಲಿಗೆಳೆಯಿತು. ಜರ್ಮನರ 1898ರ ಮೌಸರ್ ರೈಫಲ್ಲಿನ ಸೈಟನ್ನು ಎಷ್ಟು ಇಳಿಸಿದರೂ 400 ಮೀಟರಿಗಿಂತ ಕೆಳಗೆ ಬರುತ್ತಿರಲಿಲ್ಲ. ಅಮೆರಿಕದ 1903ರ ಸ್ಪ್ರಿಂಗ್‌ಫೀಲ್ಡಿನಲ್ಲಿ ಗಡಿಬಿಡಿಯ ಹೊತ್ತಿಗೆಂದು ಇಟ್ಟಿದ್ದ ಯುದ್ಧ ಸೈಟ್ 547 ಗಜಕ್ಕೆ ಹೊಂದಿಸಿದ್ದು. ಕಂದಕದಿಂದ ಕಂದಕಕ್ಕೆ ನೂರು ಮೀಟರ್ ಇರುವ ಕಡೆ ಇಂಥ ಸೈಟಿನಿಂದ ತಲೆಗೆ ಗುರಿಯಿಟ್ಟರೆ ಗುಂಡು ಅದರ ಮೇಲೆ ಹಾರಿಹೋಗುತ್ತದೆ. ಸೈನಿಕ ಗುರಿಗಿಂತ ಕೆಳಗೆ ಹಿಡಿಯುವುದನ್ನು ಕಲಿಯಬೇಕಿತ್ತು. ಸರಿಯುವ ಸೈಟ್ ಎಷ್ಟು ದೂರದವರೆಗೆ ಹೋಗುತ್ತದೆ ಎಂದು ನೋಡುವವರು ಎಷ್ಟು ಹತ್ತಿರಕ್ಕೆ ಇಳಿಯುತ್ತದೆ ಎಂದು ಕೇಳುವುದನ್ನು ಮರೆಯುತ್ತಾರೆ.

ಅಲ್ಲಿಂದಾಚೆಗೆ ಸೇನಾ ರೈಫಲ್ಲುಗಳ ಸೈಟ್ ಒಂದೊಂದೇ ಗೀರು ಕಳಚುತ್ತ ಬಂತು. ಲೀ-ಎನ್‌ಫೀಲ್ಡಿನ ನಾಲ್ಕನೇ ನಮೂನೆಯಲ್ಲಿ 1300 ಗಜದವರೆಗೆ ಕ್ಲಿಕ್ ಕ್ಲಿಕ್ ಎಂದು ಏರುವ ಚೆಂದದ ತಿರುಪು ಸೈಟ್ ಇತ್ತು. ಎರಡನೇ ಮಹಾಯುದ್ಧದಲ್ಲಿ ಅವಸರಕ್ಕೆ ಬಂದದ್ದು ಎರಡೇ ಕಿಂಡಿಗಳ ತಗಡು, ಒಂದು 300 ಗಜಕ್ಕೆ, ಮಡಚಿದರೆ ಇನ್ನೊಂದು 600ಕ್ಕೆ. ಬಂಗಾಳದ ಇಶಾಪುರ ಕಾರ್ಖಾನೆಯಲ್ಲಿ 7.62 ಮಿ.ಮೀ. ತೋಟೆಗೆ ಹೊಂದಿಸಿ ಮಾಡಿದ 2ಎ ರೈಫಲ್ಲಿಗೆ ಮೊದಲು 2000ದವರೆಗಿನ ಗೀರುಗಳ ಹಳೆಯ ಸೈಟೇ ಇತ್ತು. 1965ರಲ್ಲಿ ಅದನ್ನು 800 ಮೀಟರಿಗೆ ಇಳಿಸಿದರು. ಅಷ್ಟಕ್ಕೇ ರೈಫಲ್ಲಿನ ಹೆಸರು 2ಎ1 ಆಯಿತು. ಎಕೆ-47ರಲ್ಲಿ 800 ಮೀಟರಿನವರೆಗಿನ ಗೀರುಗಳ ಜೊತೆಗೆ, ಸುಮಾರು 300 ಮೀಟರಿಗೆ ಹೊಂದುವ ಒಂದು ವಿಶೇಷ ಗುರುತು ಇದೆ. ಸೈನಿಕ ಬಹುಪಾಲು ಅದರಲ್ಲೇ ಸೈಟನ್ನು ಬಿಟ್ಟಿರುತ್ತಾನೆ. ಹತ್ತಿರದಲ್ಲಿ ಗುಂಡು ಸ್ವಲ್ಪ ಮೇಲೆ, ದೂರದಲ್ಲಿ ಸ್ವಲ್ಪ ಕೆಳಗೆ, ಆದರೆ ನಡುವಿನ ಯಾವ ದೂರದಲ್ಲೂ ಆಳೆತ್ತರದ ಗುರಿಯನ್ನು ತಪ್ಪುವುದಿಲ್ಲ. ದೂರವನ್ನು ಅಳೆಯುವ ಚಿಂತೆಯೇ ಇಲ್ಲ.

ಹಾಗಾದರೆ ಸರಿಯುವ ಸೈಟ್ ಬೇಡವೇ? ಬೇಕು. ಅದು ಬೇಕಾಗುವುದು ದೂರಕ್ಕಿಂತ ಹೆಚ್ಚಾಗಿ ಜೀರೋ ಮಾಡುವುದಕ್ಕೆ, ಅಂದರೆ ಕಣ್ಣು ನೋಡಿದ ಜಾಗ ಮತ್ತು ಗುಂಡು ಬಿದ್ದ ಜಾಗವನ್ನು ಒಂದು ಮಾಡುವುದಕ್ಕೆ. ಕಾರ್ಖಾನೆಯಿಂದ ಬಂದ ಎರಡು ರೈಫಲ್ ಒಂದೇ ಕಡೆ ಹೊಡೆಯುವುದಿಲ್ಲ. ಒಂದೇ ರೈಫಲ್ಲಿಗೆ ಬೇರೆ ತೂಕದ ಗುಂಡು ಹಾಕಿದರೆ, ಬೇರೆ ಕಂಪನಿಯ ತೋಟೆ ಹಾಕಿದರೆ ಜಾಗ ಬದಲಾಗುತ್ತದೆ. ಕೆನ್ನೆ ಇಡುವ ರೀತಿ ಬೇರೆಯಾದ್ದರಿಂದ, ಅಪ್ಪನ ಕೈಯಲ್ಲಿ ನಡುವಿಗೆ ಬೀಳುವ ಗುಂಡು ಮಗಳ ಕೈಯಲ್ಲಿ ಎರಡು ಬೆರಳು ಎಡಕ್ಕೆ ಬೀಳಬಹುದು.

ಸಣ್ಣ ಲೆಕ್ಕವೊಂದನ್ನು ಮಾಡಿ ನೋಡಿದರೆ ಇದರ ತೀವ್ರತೆ ಅರ್ಥವಾಗುತ್ತದೆ. ಕೊಡಗಿನಲ್ಲಿ ಕೈಲ್‌ಪೊಳ್ದ್ ಹಬ್ಬದಂದು ಕೋವಿಗೆ ಪೂಜೆ ಮಾಡಿ, ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ನಡೆಸುತ್ತಾರೆ. ಅಲ್ಲಿನ ಹನ್ನೆರಡು ಬೋರಿನ ಕೋವಿಗೆ ಮುಂದೊಂದು ಮಣಿ ಬಿಟ್ಟರೆ ಸಾಮಾನ್ಯವಾಗಿ ಸೈಟೇ ಇರುವುದಿಲ್ಲ, ಆದರೆ .22 ರೈಫಲ್ಲಿಗೆ ಹಿಂದೆ ಮುಂದೆ ಎರಡೂ ಇರುತ್ತವೆ. ಎರಡು ಸೈಟುಗಳ ನಡುವೆ ಅರ್ಧ ಮೀಟರ್ ಅಂತರ, ಕಾಯಿ 50 ಮೀಟರ್ ದೂರ ಎಂದಿಟ್ಟುಕೊಳ್ಳಿ. ದೂರ ಈ ಅಂತರದ ನೂರು ಪಟ್ಟು. ಹಾಗಾಗಿ ಸೈಟಿನಲ್ಲಿ ಒಂದು ಮಿಲಿಮೀಟರ್ ತಪ್ಪಿದರೆ ಕಾಯಿಯ ಬಳಿ ನೂರು ಮಿಲಿಮೀಟರ್, ಅಂದರೆ ಹತ್ತು ಸೆಂಟಿಮೀಟರ್ ತಪ್ಪುತ್ತದೆ. ಸುಲಿದ ಕಾಯಿಯ ಅಡ್ಡಳತೆಯೇ ಹತ್ತು ಹನ್ನೆರಡು ಸೆಂಟಿಮೀಟರ್. ನಡುವಿಗೆ ಗುರಿಯಿಟ್ಟವನ ಗುಂಡು ಕಾಯಿಯನ್ನು ಮುಟ್ಟದೆ ಹೋಗಲು ಬೆರಳುಗುರಿನ ದಪ್ಪದಷ್ಟು ಸರಿತ ಸಾಕು. ಸರಿಪಡಿಸುವ ಲೆಕ್ಕವೂ ಇದೇ: ಗುಂಡು ಎಷ್ಟು ತಪ್ಪಿದೆಯೋ ಅದನ್ನು ಸೈಟುಗಳ ಅಂತರದಿಂದ ಗುಣಿಸಿ, ಗುರಿಯ ದೂರದಿಂದ ಭಾಗಿಸಿ. ಬಂದಷ್ಟು ಹಿಂದಿನ ಸೈಟನ್ನು ಸರಿಸಿ. ಅಂತರ ಹೆಚ್ಚಿದಷ್ಟೂ ತಪ್ಪು ಕಡಿಮೆ. ಮೂರನೇ ಮಾರ್ಕಿನ ಲೀ-ಎನ್‌ಫೀಲ್ಡಿನಲ್ಲಿ ಈ ಅಂತರ ಅರ್ಧ ಮೀಟರಿನಷ್ಟಿದ್ದರೆ, ಹಿಂದಿನ ಸೈಟನ್ನು ಕಣ್ಣಿನ ಹತ್ತಿರಕ್ಕೆ ತಂದ ನಾಲ್ಕನೇ ನಮೂನೆಯಲ್ಲಿ ಮುಕ್ಕಾಲು ಮೀಟರಿನ ಹತ್ತಿರ ಬಂತು.

ಸ್ಥಿರ ಸೈಟಿನ ಬಂದೂಕು ತಪ್ಪು ಹೊಡೆಯುತ್ತಿದ್ದರೆ ಇರುವ ದಾರಿ ಎರಡೇ. ಪ್ರತಿ ಸಲವೂ ಗುರಿಗಿಂತ ಅತ್ತ ಇತ್ತ ಹಿಡಿಯುವುದು, ಇಲ್ಲವೇ ಅರ ಹಿಡಿದು ಲೋಹ ಸವೆಸುವುದು. ಮುಂದಿನ ಸೈಟ್ ಸವೆದಷ್ಟೂ ಗುಂಡು ಮೇಲಕ್ಕೆ ಹೋಗುತ್ತದೆ, ಸವೆದದ್ದು ಮರಳಿ ಬರುವುದಿಲ್ಲ. ಸರಿಯುವ ಸೈಟಿನ ಅತಿ ದೊಡ್ಡ ಲಾಭವೇ ಇದು: ಅದು ತಿದ್ದುಪಡಿಯನ್ನು ತಿದ್ದಲು ಅವಕಾಶ ಕೊಡುತ್ತದೆ.

ಇನ್ನು ನಷ್ಟದ ಮಾತು. ಸರಿಸಲು ಬರುವ ಪ್ರತಿ ಭಾಗವೂ ತಾನಾಗಿ ಸರಿಯಬಲ್ಲ ಭಾಗ. ಗುಂಡು ಹಾರಿದಾಗಲೆಲ್ಲ ರೈಫಲ್ ಹಿಂದಕ್ಕೆ ಒದೆಯುತ್ತದೆ, ಆ ಒದೆತ ಪ್ರತಿ ತಿರುಪನ್ನೂ ಸಡಿಲಿಸಲು ನೋಡುತ್ತದೆ. 1936ರಲ್ಲಿ ಅಮೆರಿಕದ ಸೇನೆ ಸೇರಿದ ಗ್ಯಾರಂಡ್ ರೈಫಲ್ಲಿನ ಕಿಂಡಿ ಸೈಟ್ ಆ ಕಾಲದ ಅತ್ಯುತ್ತಮ ಸೈಟುಗಳಲ್ಲಿ ಒಂದು. ಎರಡು ಗುಂಡಿ, ಒಂದು ಮೇಲೆ ಕೆಳಗೆ, ಇನ್ನೊಂದು ಎಡಬಲಕ್ಕೆ. ಒಂದು ಕ್ಲಿಕ್ಕಿಗೆ 100 ಗಜದಲ್ಲಿ ಸುಮಾರು ಒಂದು ಇಂಚು. ಅದೂ ಮೊದಮೊದಲು ಹಿಡಿತ ತಪ್ಪಿ ಜಾರುತ್ತಿತ್ತು. ಮೊದಲು ಬಿಗಿಯುವ ಪಟ್ಟಿಯೊಂದನ್ನು ಸೇರಿಸಿದರು, ಆಮೇಲೆ ಇಡೀ ಗುಂಡಿಯ ವಿನ್ಯಾಸವನ್ನೇ ಬದಲಿಸಬೇಕಾಯಿತು.

ಯಂತ್ರ ಕೈಕೊಡುವುದಕ್ಕಿಂತ ಮನುಷ್ಯ ಮರೆಯುವುದು ಹೆಚ್ಚು. ದೂರದ ಗುರಿಗೆಂದು 600ಕ್ಕೆ ಏರಿಸಿದ ಸೈಟನ್ನು ಇಳಿಸದೆ, ಮುಂದಿನ ಸಲ 100 ಮೀಟರಿನ ಗುರಿಗೆ ಹೊಡೆದರೆ ಗುಂಡು ಎಲ್ಲೋ ಮೇಲೆ ಹೋಗುತ್ತದೆ. ದೂರವನ್ನು ತಪ್ಪಾಗಿ ಅಂದಾಜಿಸಿದರೆ ಸೈಟ್ ಎಷ್ಟು ನಿಖರವಾಗಿದ್ದರೂ ಆ ತಪ್ಪನ್ನೇ ನಿಖರವಾಗಿ ಹೊಡೆಯುತ್ತದೆ. ಪೊದೆಗೆ ಸಿಕ್ಕಿ, ಜೀಪಿನ ಅಂಚಿಗೆ ತಾಗಿ ಗುಂಡಿ ಎರಡು ಕ್ಲಿಕ್ ತಿರುಗಿದರೆ ಯಾರಿಗೂ ತಿಳಿಯುವುದಿಲ್ಲ.

ಈ ಕಾರಣಕ್ಕೆ ಅಮೆರಿಕದಲ್ಲೇ ಒಂದು ದೊಡ್ಡ ವಾದ ನಡೆಯಿತು. ಎಂ16ಎ1 ರೈಫಲ್ಲಿನ ಸೈಟನ್ನು ಬೆರಳಿನಿಂದ ತಿರುಗಿಸಲು ಬರುತ್ತಿರಲಿಲ್ಲ, ತೋಟೆಯ ಚೂಪು ತುದಿಯಿಂದ ಒತ್ತಿ ತಿರುಗಿಸಬೇಕಿತ್ತು. ಒಮ್ಮೆ ಜೀರೋ ಮಾಡಿದರೆ ಮುಗಿಯಿತು. 1980ರ ದಶಕದಲ್ಲಿ ಮರೀನ್ ಪಡೆಯ ಒತ್ತಾಸೆಯಿಂದ ಬಂದ ಎಂ16ಎ2ಗೆ ಬೆರಳಿನಿಂದಲೇ ತಿರುಗುವ ಗಾಳಿ ಗುಂಡಿ, 300ರಿಂದ 800 ಮೀಟರಿನವರೆಗಿನ ಚಕ್ರ ಬಂದವು. ಮರೀನರು 500 ಗಜದವರೆಗೆ ಗುರಿ ಪರೀಕ್ಷೆ ಮಾಡುವವರು, ಅವರಿಗೆ ಅದು ಬೇಕಿತ್ತು. ಯುದ್ಧಭೂಮಿಯ ಸಾಮಾನ್ಯ ಸೈನಿಕನಿಗೆ ಇದು ಅನಗತ್ಯ ತೊಡಕು ಎಂದು ವಿಮರ್ಶಕರು ಟೀಕಿಸಿದರು. ನನ್ನ ಒಲವು ಹಳೆಯ ಕ್ರಮದ ಕಡೆಗೇ. ನಮ್ಮ ಸೇನೆ ಬಹುಕಾಲ ಹೊತ್ತ 1ಎ1 ಎಸ್‌ಎಲ್‌ಆರ್ ಈ ವಿಷಯದಲ್ಲಿ ಬಹಳ ವಿವೇಕದ ರೈಫಲ್. ದೂರಕ್ಕೆ ಕಿಂಡಿಯನ್ನು ಜಾರಿಸಿದರಾಯಿತು. ಎಡಬಲಕ್ಕೆ ಸರಿಸಬೇಕೆಂದರೆ ಒಂದು ಸ್ಕ್ರೂ ಸಡಿಲಿಸಿ ಎದುರಿನದನ್ನು ಬಿಗಿಯಬೇಕು. ಕೊನೆಗೆ ಎರಡು ಸ್ಕ್ರೂಗಳೂ ಒಂದನ್ನೊಂದು ಒತ್ತಿ ಹಿಡಿದು ನಿಲ್ಲುತ್ತವೆ. ಜೀರೋ ಮಾಡಲು ಉಪಕರಣ ಬೇಕಾಗುವುದು ಅನಾನುಕೂಲ ಎನಿಸಬಹುದು. ಆ ಅನಾನುಕೂಲವೇ ಜೀರೋವನ್ನು ಕಾಯುವ ಕಾವಲು.

ಕ್ರೀಡೆಯ ಲೋಕ ಪೂರ್ತಿ ಬೇರೆ. 2008ರಲ್ಲಿ ಬೀಜಿಂಗಿನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದ 10 ಮೀಟರ್ ಏರ್ ರೈಫಲ್ ಸ್ಪರ್ಧೆಯಲ್ಲಿ ದೂರದರ್ಶಕಕ್ಕೆ ಅವಕಾಶವಿಲ್ಲ. ಹಿಂದೊಂದು ಸಣ್ಣ ಕಿಂಡಿ, ಮುಂದೊಂದು ಉಂಗುರ, ಅಷ್ಟೇ. ಗುರಿಯ ನಟ್ಟನಡುವಿನ ಹತ್ತರ ಚುಕ್ಕೆಯ ಅಡ್ಡಳತೆ ಅರ್ಧ ಮಿಲಿಮೀಟರ್. 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಸ್ವಪ್ನಿಲ್ ಕುಸಾಳೆ ಕಂಚು ಪಡೆದ 50 ಮೀಟರ್ ಸ್ಪರ್ಧೆಯಲ್ಲಿ ಅದು 10.4 ಮಿಲಿಮೀಟರ್. ಸೈಟುಗಳ ನಡುವೆ 80 ಸೆಂಟಿಮೀಟರ್ ಇದ್ದರೂ, 10 ಮೀಟರಿನಲ್ಲಿ ಅರ್ಧ ಮಿಲಿಮೀಟರ್ ಸರಿಸಲು ಸೈಟನ್ನು ಮಿಲಿಮೀಟರಿನ ನೂರರಲ್ಲಿ ನಾಲ್ಕು ಭಾಗದಷ್ಟು ಸರಿಸಬೇಕು. ಸೂಕ್ಷ್ಮ ತಿರುಪು ಇಲ್ಲದೆ ಇದು ಕನಸಿನ ಮಾತು. ದೂರ ಗೊತ್ತಿದೆ, ಗುರಿ ಓಡುವುದಿಲ್ಲ, ರೈಫಲ್ ಪೆಟ್ಟಿಗೆಯಲ್ಲಿ ಜೋಪಾನವಾಗಿ ಬರುತ್ತದೆ, ಗಾಳಿ ಬದಲಾದಾಗ ಎರಡು ಕ್ಲಿಕ್ ತಿರುಗಿಸಲು ಸಮಯವೂ ಇದೆ. ಸರಿಯುವ ಸೈಟಿನ ಎಲ್ಲ ಗುಣಗಳೂ ಇಲ್ಲಿ ಲಾಭವಾಗುತ್ತವೆ, ದೋಷಗಳು ತಲೆ ಎತ್ತುವುದೇ ಇಲ್ಲ.

ಇದಕ್ಕೆ ತದ್ವಿರುದ್ಧ ಹಳೆಯ ಬೇಟೆಗಾರರ ರೈಫಲ್. ತೇಜಸ್ವಿಯವರು ಕನ್ನಡಕ್ಕೆ ತಂದ ಕೆನೆತ್ ಆಂಡರ್ಸನ್ನರ ಕಾಡಿನ ಕಥೆಗಳನ್ನು ಓದಿದವರಿಗೆ ಆ ಸನ್ನಿವೇಶಗಳು ಗೊತ್ತು: ಕತ್ತಲು, ಟಾರ್ಚಿನ ಬೆಳಕು, ಕೆಲವೇ ಗಜಗಳ ದೂರದಲ್ಲಿ ನರಭಕ್ಷಕ. ಅಲ್ಲಿ ಚಕ್ರ ತಿರುಗಿಸುತ್ತ ಕೂರುವವನು ಬದುಕುಳಿಯುವುದಿಲ್ಲ. ಬ್ರಿಟಿಷ್ ಜೋಡುನಳಿಗೆ ರೈಫಲ್ಲುಗಳಲ್ಲಿ ಅಗಲವಾದ ಒಂದು ಸ್ಥಿರ ಕಚ್ಚು ಇರುತ್ತಿತ್ತು, ಜೊತೆಗೆ ಮಡಚಿಟ್ಟ ಒಂದೆರಡು ತಗಡಿನ ಎಲೆಗಳು ದೂರಕ್ಕೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ನಂತರ ಬೇಟೆಯ ಆ ಅಧ್ಯಾಯ ನಮ್ಮಲ್ಲಿ ಮುಗಿದಿದೆ, ಮುಗಿದದ್ದು ಒಳ್ಳೆಯದೇ.

ಹಿಂದಿನ ಸೈಟ್ ಮೇಲೆ ತೆರೆದ ಕಚ್ಚಾಗಿರಬೇಕೋ ಸಣ್ಣ ತೂತಿನ ಕಿಂಡಿಯಾಗಿರಬೇಕೋ ಎಂಬ ಪ್ರಶ್ನೆಗೆ ಉತ್ತರ ಕಣ್ಣಿನಲ್ಲಿದೆ. ನಮ್ಮ ಕಣ್ಣು ಒಂದು ಸಲಕ್ಕೆ ಒಂದೇ ದೂರವನ್ನು ಸ್ಪಷ್ಟವಾಗಿ ನೋಡಬಲ್ಲದು. ಕಚ್ಚು ಸೈಟಿನಲ್ಲಿ ಹಿಂದಿನ ಕಚ್ಚು, ಮುಂದಿನ ತುದಿ, ಗುರಿ ಮೂರನ್ನೂ ಹೊಂದಿಸಬೇಕು. ನಲವತ್ತೈದು ದಾಟಿದವರಿಗೆ ಹಿಂದಿನದು ಮಸುಕಾಗತೊಡಗುತ್ತದೆ. ಕಣ್ಣಿನ ಹತ್ತಿರದ ಕಿಂಡಿಯ ಮೂಲಕ ನೋಡಿದಾಗ ಕಣ್ಣು ತಾನಾಗಿ ನಡುವನ್ನು ಹುಡುಕಿಕೊಳ್ಳುತ್ತದೆ, ಸಣ್ಣ ರಂಧ್ರವಾದ್ದರಿಂದ ಮುಂದಿನ ತುದಿಯೂ ಗುರಿಯೂ ಹೆಚ್ಚು ಸ್ಪಷ್ಟವಾಗುತ್ತವೆ. ಮುಸ್ಸಂಜೆಯಲ್ಲಿ ಮಾತ್ರ ಸಣ್ಣ ಕಿಂಡಿ ಕತ್ತಲಾಗುತ್ತದೆ. ಬಿಸಿಲಿನ ಮೋಸ ಬೇರೆ: ಬಲಗಡೆಯಿಂದ ಬಿಸಿಲು ಬಿದ್ದು ಮುಂದಿನ ತುದಿಯ ಬಲ ಅಂಚು ಹೊಳೆದರೆ, ಆ ಹೊಳಪನ್ನೇ ನಡುವೆಂದು ಹಿಡಿದು ಗುಂಡು ಎಡಕ್ಕೆ ಹೋಗುತ್ತದೆ. ಇಂಥ ಹೊತ್ತಿನಲ್ಲಿ ಸೈಟನ್ನು ಸರಿಸಬೇಡಿ. ಖಾಲಿ ಬಂದೂಕಿನ ಮುಂದಿನ ತುದಿಗೆ ಉರಿಯುವ ಕರ್ಪೂರದ ಮಸಿ ಹಿಡಿಸಿದರೆ ಹೊಳಪು ಹೋಗುತ್ತದೆ.

ಎನ್‌ಸಿಸಿಯ .22 ಆಗಲಿ, ಕ್ಲಬ್ಬಿನ ಏರ್ ರೈಫಲ್ ಆಗಲಿ, ಜೀರೋ ಮಾಡುವ ಕ್ರಮ ಒಂದೇ. ಅನುಮತಿಯಿರುವ ರೇಂಜಿನಲ್ಲಿ, ಮರಳು ಚೀಲದ ಮೇಲೆ ರೈಫಲ್ ಒರಗಿಸಿ, ಮುಂದೆ ಬಳಸಲಿರುವ ತೋಟೆಯನ್ನೇ ಹಾಕಿ ಐದು ಗುಂಡು ಹೊಡೆಯಿರಿ. ಒಂದು ಗುಂಡನ್ನು ನೋಡಿ ಸೈಟ್ ಮುಟ್ಟುವುದು ಹೊಸಬರ ಚಪಲ. ಐದರ ಗುಂಪಿನ ನಡು ಎಲ್ಲಿದೆ ನೋಡಿ. ಗುಂಪೇ ಚದುರಿದ್ದರೆ ತೊಂದರೆ ಸೈಟಿನದಲ್ಲ, ಕೈಯದು ಅಥವಾ ತೋಟೆಯದು. ಮೊದಲು ಎತ್ತರ ಸರಿಪಡಿಸಿ, ಮತ್ತೆ ಐದು ಗುಂಡು, ಆಮೇಲೆ ಎಡಬಲ. ಹಳೆಯ ತಿರುಪುಗಳಲ್ಲಿ ಸ್ವಲ್ಪ ಸಡಿಲು ಇರುತ್ತದೆ, ಆದ್ದರಿಂದ ಬೇಕಾದ ಗೀರಿಗೆ ಯಾವಾಗಲೂ ಒಂದೇ ದಿಕ್ಕಿನಿಂದ ಬನ್ನಿ. ದಾಟಿಹೋದರೆ ಸಾಕಷ್ಟು ಹಿಂದಕ್ಕೆ ಹೋಗಿ ಮತ್ತೆ ಬನ್ನಿ. ಬಾಣದ ಗುರುತನ್ನು ಕುರುಡಾಗಿ ನಂಬಬೇಡಿ. ಬಹಳಷ್ಟು ಸೈಟುಗಳಲ್ಲಿ ಬಾಣ ಗುಂಡು ಸರಿಯುವ ದಿಕ್ಕನ್ನು ತೋರಿಸುತ್ತದೆ, ಕೆಲವು ಜರ್ಮನ್ ಸ್ಪರ್ಧಾ ಸೈಟುಗಳಲ್ಲಿ ಮಾತ್ರ ಅಕ್ಷರ ಹೇಳುವುದು ಗುಂಡು ಈಗ ಎಲ್ಲಿ ಬೀಳುತ್ತಿದೆ ಎಂಬುದನ್ನು. ರೈಫಲ್ಲನ್ನು ವಾಲಿಸಿ ಹಿಡಿದರೆ ಗುಂಡು ವಾಲಿದ ಕಡೆಗೆ, ತುಸು ಕೆಳಗೂ ಹೋಗುತ್ತದೆ; ಅದನ್ನು ಸೈಟಿನಿಂದ ತಿದ್ದಲು ಹೊರಟರೆ ಕೊನೆಯೇ ಇಲ್ಲ.

ಜೀರೋ ಆದ ಮೇಲೆ ತಿರುಪನ್ನು ಪೂರ್ತಿ ಕೆಳಗಿಳಿಸುತ್ತ ಕ್ಲಿಕ್ ಎಣಿಸಿ, ಬರೆದಿಟ್ಟು, ಅಷ್ಟೇ ಕ್ಲಿಕ್ ಏರಿಸಿ ನಿಲ್ಲಿಸಿ. ಸರಿಯುವ ಭಾಗಕ್ಕೂ ನಿಂತ ಭಾಗಕ್ಕೂ ಸೇರಿ ಒಂದು ಸಣ್ಣ ಬಣ್ಣದ ಗೆರೆ ಎಳೆದರೆ, ಗೆರೆ ಮುರಿದಾಗ ಸೈಟ್ ಸರಿದಿದೆ ಎಂದು ಕೂಡಲೇ ಕಾಣುತ್ತದೆ. ಹಳೆಯ ರೈಫಲ್ ಕೊಳ್ಳುವವರು ಅದು ಖಾಲಿಯಿದೆಯೇ ಎಂದು ಮೊದಲು ನೋಡಿ, ಆಮೇಲೆ ಹಿಂದಿನ ಸೈಟನ್ನು ಹೆಬ್ಬೆರಳಿನಿಂದ ಎಲ್ಲ ಕಡೆಗೂ ಒತ್ತಿ ನೋಡಿ. ಅಲುಗಿದರೆ ಬೆಲೆ ಇಳಿಸಿ ಕೇಳಿ, ಇಲ್ಲವೇ ಬಿಟ್ಟುಬಿಡಿ. ಮುಂದಿನ ಸೈಟಿನ ಬುಡದಲ್ಲಿ ಸುತ್ತಿಗೆಯ ಗುರುತು, ತುದಿಯಲ್ಲಿ ಅರದ ಗೀರು, ಸ್ಕ್ರೂ ತಲೆಯಲ್ಲಿ ಹರಿದ ಕಚ್ಚು ಕಂಡರೆ ಹಿಂದಿನವರು ಇದರೊಡನೆ ಗುದ್ದಾಡಿದ್ದಾರೆ ಎಂದರ್ಥ. ಮಲೆನಾಡು, ಕೊಡಗಿನ ಮಳೆಗಾಲದಲ್ಲಿ ತುಕ್ಕು ಮೊದಲು ಹಿಡಿಯುವುದು ಸೈಟ್ ಕೂರುವ ಸಂದಿಗಳಲ್ಲಿ. ಒರೆಸುವ ಬಟ್ಟೆ ಅಲ್ಲಿಗೆ ತಲುಪುವುದಿಲ್ಲ. ಜೂನ್ ಬರುವ ಮುಂಚೆ ಆ ಸಂದಿಗೆ ಒಂದು ತೊಟ್ಟು ತೆಳು ಎಣ್ಣೆ ಬಿಡಿ, ಮಳೆ ನಿಂತ ಮೇಲೆ ಮತ್ತೊಮ್ಮೆ ಗುರಿ ಹಲಗೆಯ ಮೇಲೆ ಐದು ಗುಂಡು ಹೊಡೆದು ಜೀರೋ ನೋಡಿಕೊಳ್ಳಿ.